ಬಿಲ್ಲೆ ಕಳೆದ ಸೈಕಲ್ಲಿನ ಕುಲಮೂಲ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಕೋಲಾರದ ಮೂಲಕ ಬಂಗಾರಪೇಟೆಗೆ ಜೋಡಿಸಿದ್ದ ಕಿರುಗೇಜಿನ ರೈಲುಹಳಿಯಾಗಲಿ, ಗೌರಿಬಿದನೂರನ್ನು ಹಾದು ಗುಂತಕಲ್ಲಿನತ್ತ ಹೋಗುತ್ತಿದ್ದ ಮೀಟರ್ ಗೇಜಿನ ಹಳಿಯಾಗಲಿ ನಿಲ್ದಾಣದಿಂದಾಚೆಯ ಹಳ್ಳಿಗಳಿಗೆ ಸರಕು ಮುಟ್ಟಿಸುತ್ತಿರಲಿಲ್ಲವಾದ್ದರಿಂದ, ಈ ಸೀಮೆಯಲ್ಲಿ ಸೈಕಲ್ಲು ಸವಾರಿಗೆ ಎಷ್ಟು ಬಳಕೆಯಾಯಿತೋ ಹೇರಿಗೂ ಅಷ್ಟೇ ಬಳಕೆಯಾಯಿತು. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಚೀಲ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಾಲಿನ ಕ್ಯಾನು ಇವೆಲ್ಲವೂ ಹಿಂದಿನ ಕ್ಯಾರಿಯರ್ ಮೇಲೆಯೇ ಸಾಗಬೇಕಿತ್ತು. ಹೀಗೆ ದುಡಿದ ಸೈಕಲ್ಲಿನಲ್ಲಿ ಮೊದಲು ಅಳಿಸಿಹೋಗುವುದು ಅದರ ಹೆಸರು: ಪೈಪಿಗೆ ಅಂಟಿಸಿದ್ದ ಬಣ್ಣದ ಅಚ್ಚು ಸವೆಯುತ್ತದೆ, ಹ್ಯಾಂಡಲಿನ ಕೆಳಗೆ ಕೂರಿಸಿದ್ದ ಹಿತ್ತಾಳೆ ಬಿಲ್ಲೆ ಉದುರುತ್ತದೆ, ಉಳಿದ ಗುರುತನ್ನು ಮರುಬಣ್ಣ ಮುಚ್ಚುತ್ತದೆ. ಬಣ್ಣ ಬಳಿಯುವವನಿಗೆ ಚರಿತ್ರೆಯ ಹಂಗಿರುವುದಿಲ್ಲ.

ಪುರಸಭೆಗಳು ವರ್ಷವರ್ಷವೂ ತೆರಿಗೆ ಕಟ್ಟಿಸಿಕೊಂಡು ಕೊಡುತ್ತಿದ್ದ ತಗಡಿನ ಬಿಲ್ಲೆ ಎಲ್ಲಾದರೂ ಉಳಿದಿದ್ದರೆ ಅದು ಊರನ್ನೂ ವರ್ಷವನ್ನೂ ತಿಳಿಸೀತೇ ಹೊರತು ತಯಾರಕನನ್ನಲ್ಲ. ಆ ಊರಿನ ಹಳೆಯ ಬರಹಗಳನ್ನು ಹುಡುಕುವವರು ಒಂದನ್ನು ನೆನಪಿಡಬೇಕು: ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ; ಅದಕ್ಕೆ ಹಿಂದಿನ ಯಾವ ಬರಹದಲ್ಲಿಯೂ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಈ ನಾಲ್ಕೂ ಕೋಲಾರ ಜಿಲ್ಲೆಯ ಊರುಗಳೇ.

ತಯಾರಕನನ್ನು ಹುಡುಕುವವರು ಮೊದಲು ನೋಡುವುದು ಚೈನ್ ವೀಲನ್ನು, ಅಂದರೆ ಪೆಡಲಿನೊಡನೆ ತಿರುಗಿ ಸರಪಳಿಯನ್ನು ಎಳೆಯುವ ಹಲ್ಲಿನ ಚಕ್ರವನ್ನು. ಇಂಗ್ಲೆಂಡಿನ ಸೈಕಲ್ ಕಂಪನಿಗಳಲ್ಲಿ ರ‍್ಯಾಲಿಯ ಚಕ್ರದಲ್ಲಿ ಕೊಕ್ಕರೆಯ ತಲೆಗಳು, ರಡ್ಜ್‌ನದರಲ್ಲಿ ಅಂಗೈ, ಹಂಬರಿನದರಲ್ಲಿ ಪುಟ್ಟ ಮನುಷ್ಯಾಕೃತಿಗಳು, ಬಿಎಸ್‌ಎಯದರಲ್ಲಿ ಅದರ ಮೂರು ಅಕ್ಷರಗಳೇ ಕೊರೆದು ಮೂಡಿರುತ್ತವೆ. ಆದರೆ ಚೈನ್ ವೀಲು ಕಳಚಿ ಹಾಕಬಹುದಾದ ಭಾಗವಾಗಿದ್ದು, ಹಲ್ಲು ಸವೆದಾಗ ಅಂಗಡಿಯಲ್ಲಿ ಸಿಕ್ಕ ಇನ್ನೊಂದನ್ನು ತೊಡಿಸುವುದು ರೂಢಿಯಾದ್ದರಿಂದ, ಅದರ ಸಾಕ್ಷ್ಯವನ್ನು ಒಂಟಿಯಾಗಿ ನಂಬಲಾಗದು. ಸ್ಟರ್ಮಿ ಆರ್ಚರ್ ಕಂಪನಿಯ ಗೇರಿರುವ ಹಬ್ಬಿನ ಮೇಲೆ, ಅಂದರೆ ಚಕ್ರದ ನಡುವಣ ಗುಂಬದ ಮೇಲೆ, ತಯಾರಾದ ವರ್ಷ ಮತ್ತು ತಿಂಗಳ ಅಂಕಿಗಳು ಒತ್ತಿರುವುದುಂಟು. ಆದರೂ ಚಕ್ರವೇ ಬೇರೆ ಸೈಕಲ್ಲಿನಿಂದ ಬಂದಿದ್ದರೆ ಆ ಅಂಕಿ ಹೇಳುವುದು ಚಕ್ರದ ಪ್ರಾಯವನ್ನಷ್ಟೇ.

ಆದ್ದರಿಂದ ಕಳಚಲಾಗದ ಗುರುತುಗಳಿಗೇ ಬೆಲೆ ಹೆಚ್ಚು. ಪೈಪುಗಳು ಕೂಡುವಲ್ಲಿರುವ ಉಕ್ಕಿನ ತೋಳನ್ನು ಲಗ್ ಎನ್ನುತ್ತಾರೆ. ಪೈಪನ್ನು ಅದರೊಳಗೆ ತೂರಿಸಿ ಹಿತ್ತಾಳೆಯನ್ನು ಕರಗಿಸಿ ಬೆಸೆಯುವ ಕೆಲಸಕ್ಕೆ ಬ್ರೇಜಿಂಗ್ ಎಂದು ಹೆಸರು. ಲಗ್ಗಿನ ಅಂಚಿನ ಆಕಾರ, ಸೀಟಿನ ಲಗ್ಗಿನ ಮೇಲೋ ಪೆಡಲ್ ಅಚ್ಚಿನ ಕೊಳವೆಯ ಅಡಿಯಲ್ಲೋ ಒತ್ತಿದ ಸಂಖ್ಯೆ, ಫೋರ್ಕಿನ ಕತ್ತಿನ ರೂಪ ಇವು ಸುಲಭಕ್ಕೆ ಬದಲಾಗುವಂಥವಲ್ಲ. ಹಂಬರಿನ ಒಂದು ಬಗೆಯ ಫೋರ್ಕಿನಲ್ಲಿ ಪ್ರತಿ ಪಕ್ಕಕ್ಕೂ ಒಂದರ ಬದಲು ಎರಡು ಪೈಪುಗಳಿರುವುದರಿಂದ, ಬಣ್ಣ ಪೂರ್ತಿ ಹೋಗಿದ್ದರೂ ಅದನ್ನು ದೂರದಿಂದಲೇ ಗುರುತಿಸಬಹುದು.

ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಪೆಡಲ್ ಅಚ್ಚಿನ ಕೊಳವೆಯೊಳಗಿನ ತಿರುಪಿನಲ್ಲಿದೆ. ಸೈಕಲ್ ಶಾಪಿನವರು ಬಿ.ಬಿ. ಕಪ್ ಎಂದು ಕರೆಯುವ ಬಟ್ಟಲನ್ನು ಬಿಚ್ಚಿ, ಗಟ್ಟಿಗೊಂಡ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಾಚಣಿಗೆಯಂಥ ಹಲ್ಲುಗಳಿರುವ ಅಳತೆಪಟ್ಟಿಯನ್ನು ತಿರುಪಿಗೆ ಒತ್ತಿ ಬೆಳಕಿಗೆ ಹಿಡಿದರೆ ಒಂದು ಅಂಗುಲದಲ್ಲಿ ಎಷ್ಟು ಸುತ್ತುಗಳಿವೆಯೆಂಬುದು ತಿಳಿಯುತ್ತದೆ. ಬ್ರಿಟಿಷ್ ಸೈಕಲ್ಲುಗಳ ಸಾಮಾನ್ಯ ಅಳತೆ ಅಂಗುಲಕ್ಕೆ 24 ಸುತ್ತು. ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಾರ್ಖಾನೆ ಮಾತ್ರ ತನ್ನದೇ ಆದ 26 ಸುತ್ತಿನ ಅಳತೆಯನ್ನು ಬಹುಕಾಲ ಬಿಡಲಿಲ್ಲ. 24ರ ಪಟ್ಟಿ ಅಲುಗಾಡಿ, ಹಲ್ಲುಗಳ ನಡುವೆ ಬೆಳಕು ಇಣುಕಿ, 26ರ ಪಟ್ಟಿ ಬಿಗಿಯಾಗಿ ಕೂತರೆ ಆ ಚೌಕಟ್ಟು ರ‍್ಯಾಲಿಯ ಬಳಗದ್ದೆಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಎಷ್ಟೋ ಚೌಕಟ್ಟುಗಳಲ್ಲಿ ಈ ತಿರುಪು ಹಾಳಾಗಿರುವುದಕ್ಕೂ ಇದೇ ಕಾರಣವಾಗಿರಬಹುದು: ಸುಲಭವಾಗಿ ಸಿಗುವ 24ರ ಬಟ್ಟಲನ್ನು ಯಾರೋ ಬಲವಂತವಾಗಿ ತಿರುಗಿಸಿ ಕೂರಿಸಿರುತ್ತಾರೆ.

‘ರ‍್ಯಾಲಿಯ ಬಳಗ’ ಎಂಬ ಮಾತಿನಲ್ಲಿಯೇ ಒಂದು ತೊಡಕಿದೆ. ಹಂಬರಿನ ಸೈಕಲ್ ಉದ್ಯಮವನ್ನು 1932ರಲ್ಲಿ, ರಡ್ಜನ್ನು 1943ರಲ್ಲಿ, ಬಿಎಸ್‌ಎಯ ಸೈಕಲ್ ವಿಭಾಗವನ್ನು 1957ರಲ್ಲಿ ರ‍್ಯಾಲಿ ಕೊಂಡುಕೊಂಡಿತು. 1960ರಲ್ಲಿ ಆ ರ‍್ಯಾಲಿಯೇ, ಹರ್ಕ್ಯುಲಿಸ್ ಮತ್ತು ಫಿಲಿಪ್ಸ್‌ಗಳನ್ನು ಆಗಲೇ ಹೊಂದಿದ್ದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಂಸ್ಥೆಯೊಳಗೆ ಸೇರಿತು. ಹೀಗಾಗಿ ಬಿಲ್ಲೆ ಉಳಿದಿರುವ ಸೈಕಲ್ಲೂ ತನ್ನ ಕಾರ್ಖಾನೆಯನ್ನು ನಿಖರವಾಗಿ ಹೇಳಲಾರದು. ಭಾರತದಲ್ಲಿ ಈ ಗೋಜಲು ಇನ್ನೂ ಬೆಳೆಯಿತು. 1949ರಲ್ಲಿ ಸ್ಥಾಪನೆಗೊಂಡ ಮದರಾಸಿನ ಟಿಐ ಸೈಕಲ್ಸ್ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಫಿಲಿಪ್ಸ್, ಮುಂದೆ ಬಿಎಸ್‌ಎ ಹೆಸರಿನ ಸೈಕಲ್ಲುಗಳನ್ನು ತಯಾರಿಸಿತು. ಬಂಗಾಳದ ಅಸನ್ಸೋಲ್‌ನಲ್ಲಿದ್ದ ಸೆನ್-ರ‍್ಯಾಲಿ ಕಾರ್ಖಾನೆ ರ‍್ಯಾಲಿಯ ಹೆಸರಿನಲ್ಲಿ ತಯಾರಿಸಿ, 1980ರಲ್ಲಿ ರಾಷ್ಟ್ರೀಕರಣಗೊಂಡು ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ ಆಯಿತು. ಸ್ವಾತಂತ್ರ್ಯಾನಂತರ ಆಮದಿನ ನಿರ್ಬಂಧ ಬಿಗಿಯಾಗುತ್ತ ಹೋದಂತೆ ವಿಲಾಯಿತಿ ಹೆಸರುಗಳು ಉಳಿದುಕೊಂಡು ವಿಲಾಯಿತಿ ಮಾಲು ವಿರಳವಾಯಿತು. ‘ಇದು ವಿಲಾಯಿತಿ ಹರ್ಕ್ಯುಲಿಸ್’ ಎಂಬ ಮನೆಯ ಹೆಮ್ಮೆಯ ಮಾತನ್ನು ಒಪ್ಪುವ ಮೊದಲು ಚೌಕಟ್ಟಿನ ಸಂಖ್ಯೆಯನ್ನೂ ಬೆಸುಗೆಯನ್ನೂ ನೋಡಬೇಕಾಗುವುದು ಇದಕ್ಕೇ.

ಸೋನಿಪತ್ತಿನ ಅಟ್ಲಾಸ್ 1951ರಲ್ಲೂ ಲೂಧಿಯಾನದ ಹೀರೊ 1956ರಲ್ಲೂ ಆರಂಭವಾದ ಮೇಲೆ ಮತ್ತೊಂದು ವರ್ಗ ಹುಟ್ಟಿತು. ಲೂಧಿಯಾನದ ಸಣ್ಣ ಘಟಕಗಳಲ್ಲಿ ತಯಾರಾದ ಬಿಡಿಭಾಗಗಳನ್ನು ತರಿಸಿ ಊರಿನ ಅಂಗಡಿಯಲ್ಲಿ ಜೋಡಿಸಿದ, ಜನ ‘ಅಸೆಂಬಲ್ಡ್’ ಎಂದು ಕರೆಯುವ ಸೈಕಲ್ಲುಗಳಿವು. ಇವುಗಳ ಚೌಕಟ್ಟಿನ ಮೇಲೆ ಬಿಲ್ಲೆ ಇರಲೇಬೇಕೆಂದಿಲ್ಲ, ಇದ್ದರೂ ಅದು ಯಾವ ಕುಲುಮೆಯ ಹೆಸರೂ ಅಲ್ಲದೆ ಅಂಗಡಿಯವನು ಆರಿಸಿಕೊಂಡ ಸ್ಟಿಕ್ಕರ್ ಆಗಿರಬಹುದು. ಇಂಥ ಚೌಕಟ್ಟು ಎದುರಾದಾಗ, ಲೂಧಿಯಾನದ ಪೈಪು, ಇಂಥ ಊರಿನ ಜೋಡಣೆ ಎಂದು ಬರೆದಿಡುವುದೇ ಸರಿ. ಅದಕ್ಕೆ ರ‍್ಯಾಲಿಯ ವಂಶಾವಳಿಯನ್ನು ಕಟ್ಟಹೊರಡುವ ಸಂಗ್ರಾಹಕರ ಉತ್ಸಾಹವನ್ನು ತಿರುಪಿನ ಅಳತೆಪಟ್ಟಿ ಬೇಗನೆ ತಣಿಸುತ್ತದೆ.