ಬಂಧುಗಳಿಲ್ಲದ ವೃದ್ಧಾಶ್ರಮವಾಸಿಗಳ ಅಂತ್ಯಕಾಲದ ಆರೈಕೆ (ಭಾರತ)

ಹತ್ತಿರದವರು ಯಾರೂ ಇಲ್ಲದೆ, ಅಥವಾ ಇದ್ದೂ ಸಂಬಂಧ ಕಡಿದುಹೋಗಿ ಆಶ್ರಮಗಳಲ್ಲಿ ಕೊನೆಗಾಲ ಕಳೆಯುವವರ ಶುಶ್ರೂಷೆ, ನೋವುಶಮನ ಮತ್ತು ಅವರ ಪರವಾಗಿ ಆಗುವ ಚಿಕಿತ್ಸೆಯ ತೀರ್ಮಾನಗಳು ಈ ವಿಷಯದ ವ್ಯಾಪ್ತಿ. ಭಾರತದಲ್ಲಿ ಆಶ್ರಯದ ಚರಿತ್ರೆ ಹಳೆಯದು. ತೀರ್ಮಾನ ಯಾರದ್ದೆಂಬ ಪ್ರಶ್ನೆ ಈಚಿನದು.

ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಸಂಸ್ಥೆ 1882ರಲ್ಲಿ ಕೋಲ್ಕತ್ತದಲ್ಲಿ, 1900ರಲ್ಲಿ ಬೆಂಗಳೂರಿನಲ್ಲಿ ನಿರ್ಗತಿಕ ವೃದ್ಧರಿಗೆ ಮನೆ ತೆರೆಯಿತು. 1952ರಲ್ಲಿ ಮದರ್ ತೆರೇಸಾ ಕಾಳಿಘಾಟಿನಲ್ಲಿ ‘ನಿರ್ಮಲ ಹೃದಯ’ ಆರಂಭಿಸಿದರು. ಕಾಶಿಯ ಮುಕ್ತಿಭವನವನ್ನೂ ಇದೇ ಸಾಲಿಗೆ ಸೇರಿಸುವುದುಂಟು. ಅದು ಸರಿಯಲ್ಲ: ಅಲ್ಲಿಗೆ ಸಾಯಲು ಬರುವವರ ಜೊತೆ ಮನೆಯವರೂ ಬಂದಿರುತ್ತಾರೆ.

ದೇಶದ ಮೊದಲ ಹಾಸ್ಪೈಸ್ (ಅಂತ್ಯಕಾಲದ ಆರೈಕೆಯ ಮನೆ) ಯಾವುದೆಂಬುದರಲ್ಲಿ ಒಮ್ಮತವಿಲ್ಲ. ಕೆಲವರು ನಿರ್ಮಲ ಹೃದಯವನ್ನು ಹೆಸರಿಸುತ್ತಾರೆ. ವೈದ್ಯಕೀಯ ಬರಹಗಳಲ್ಲಿ ಆ ಸ್ಥಾನ 1986ರ ಮುಂಬೈಯ ಶಾಂತಿ ಆವೇದನಾ ಸದನಕ್ಕೆ. ನೋವುಶಮನವನ್ನು ಅಳತೆಗೋಲಾಗಿಟ್ಟರೆ ಎರಡನೆಯ ವಾದವೇ ಗಟ್ಟಿ. ಕಾಳಿಘಾಟಿನಲ್ಲಿ ಪ್ರಬಲ ನೋವುನಿವಾರಕಗಳಿಲ್ಲವೆಂದು ಲ್ಯಾನ್ಸೆಟ್ ಪತ್ರಿಕೆಯ ರಾಬಿನ್ ಫಾಕ್ಸ್ 1994ರಲ್ಲಿ ಬರೆದರು. ಆದರೆ 1985ರ ಮಾದಕವಸ್ತು ಕಾಯ್ದೆಯ ಪರವಾನಗಿ ಕಟ್ಟಳೆಗಳಿಂದ ಮಾರ್ಫಿನ್ ದೇಶದ ದೊಡ್ಡ ಆಸ್ಪತ್ರೆಗಳಿಗೂ ದುರ್ಲಭವಾಗಿತ್ತು. ಕಾಯ್ದೆ ಸಡಿಲವಾದದ್ದು 2014ರಲ್ಲಿ. ಬೆಂಗಳೂರಿನ ಕರುಣಾಶ್ರಯ (1999) ಉಚಿತ ಆರೈಕೆ ಕೊಡುತ್ತದೆ, ಆದರೆ ಅದು ಕ್ಯಾನ್ಸರ್ ರೋಗಿಗಳಿಗಾಗಿ ಹುಟ್ಟಿದ್ದು. ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ತೆರೆಯಬಹುದೆನ್ನುವ 2007ರ ಹಿರಿಯ ನಾಗರಿಕರ ಕಾಯ್ದೆ, ನಿವಾಸಿಯ ಪರವಾಗಿ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಯಾರೆಂದು ಹೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಬಂದದ್ದು ವೃದ್ಧಾಶ್ರಮದಿಂದಲ್ಲ, ಆಸ್ಪತ್ರೆಯ ಒಂದು ಹಾಸಿಗೆಯಿಂದ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅವರ ಮೇಲೆ ನಡೆದ ಹಲ್ಲೆಯ ನಂತರ ಪ್ರಜ್ಞೆ ಪೂರ್ತಿ ಮರಳಲಿಲ್ಲ. ತಂದೆತಾಯಿ ತೀರಿಕೊಂಡರು, ನೆಂಟರು ದೂರವಾದರು. ಸಹೋದ್ಯೋಗಿ ನರ್ಸ್‌ಗಳೇ ಊಟ ನುಣ್ಣಗೆ ಕಿವುಚಿ ತಿನ್ನಿಸುತ್ತಿದ್ದರು. 37 ವರ್ಷ ಮಲಗಿದ್ದರೂ ಮೈಯಲ್ಲಿ ಹಾಸಿಗೆ ಹುಣ್ಣಿಲ್ಲವೆಂಬುದನ್ನು ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ದಾಖಲಿಸಿದೆ. ಕೋರ್ಟ್ ಅರುಣಾಗೆ ದಯಾಮರಣ ಕೊಟ್ಟಿತೆಂಬ ಮಾತು ಇಂದಿಗೂ ಕೇಳಿಬರುತ್ತದೆ. ವಾಸ್ತವವಾಗಿ ಅದನ್ನು ಕೋರಿದ್ದ ಅರ್ಜಿ 2011ರ ಮಾರ್ಚ್ 7ರಂದು ತಿರಸ್ಕೃತವಾಯಿತು. ರೋಗಿಯ ಪರ ನಿಲ್ಲುವ ‘ನೆಕ್ಸ್ಟ್ ಫ್ರೆಂಡ್’ ಅರ್ಜಿ ಹಾಕಿದ ಲೇಖಕಿ ಪಿಂಕಿ ವಿರಾನಿ ಅಲ್ಲ, ಕೆಇಎಂ ಸಿಬ್ಬಂದಿ ಎಂದಿತು ಪೀಠ. ರಕ್ತಸಂಬಂಧಕ್ಕಿಂತ ನಿತ್ಯದ ಆರೈಕೆಗೆ ಕಾನೂನಿನ ತೂಕ ಬಂದದ್ದು ಇಲ್ಲಿ. ಆದರೂ ಜೀವಾಧಾರ ಚಿಕಿತ್ಸೆ ನಿಲ್ಲಿಸಲು ಹೈಕೋರ್ಟ್ ಅನುಮತಿ ಬೇಕೆಂಬ ಷರತ್ತು ಹಾಕಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್ಲಿಗೆ ಮಾನ್ಯತೆ ಕೊಟ್ಟಿತು. ಅದಕ್ಕೆ ಬೇಕಿದ್ದ ಮ್ಯಾಜಿಸ್ಟ್ರೇಟರ ಸಹಿಯನ್ನು 2023ರ ಜನವರಿಯಲ್ಲಿ ಕೈಬಿಟ್ಟು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು ಕೋರ್ಟ್. ಕರ್ನಾಟಕ 2025ರ ಜನವರಿ 30ರಂದು ಈ ಕುರಿತು ಸುತ್ತೋಲೆ ಹೊರಡಿಸಿತು: ಆಸ್ಪತ್ರೆಯಲ್ಲಿ ಎರಡು ಹಂತದ ವೈದ್ಯ ಮಂಡಳಿ, ವಿಲ್ ಬರೆಯುವವರು ತಮ್ಮ ಪರ ತೀರ್ಮಾನಿಸಲು ಕನಿಷ್ಠ ಇಬ್ಬರನ್ನು ಹೆಸರಿಸುವುದು. ಯಾರೂ ಇಲ್ಲದವರಿಗೆ ತೊಡಕಾಗುವುದು ಈ ಎರಡು ಹೆಸರುಗಳೇ. ವಿಲ್ ಬರೆಯದೆ ಪ್ರಜ್ಞೆ ತಪ್ಪಿದವರ ವಿಷಯದಲ್ಲಿ ಮಂಡಳಿ ಇಂದಿಗೂ ಹುಡುಕಬೇಕಾದದ್ದು ಬಂಧುವನ್ನು, ಪೋಷಕರನ್ನು, ಇಲ್ಲವೇ 2011ರ ಆ ನೆಕ್ಸ್ಟ್ ಫ್ರೆಂಡನ್ನು.