ಅಂಗೈ ಪರೀಕ್ಷೆ

ಕೊಳವೆಯ ಬಾಯಿಗೆ ಅಂಗೈ ಒತ್ತಿ ಹಿಡಿದೆ. ಎಂಜಿನ್ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಸದ್ದು ಒಂದು ಗಳಿಗೆ ತಗ್ಗಿತು, ಮತ್ತೆ ಚೇತರಿಸಿಕೊಂಡು ಮೊದಲಿನಂತೆಯೇ ಓಡತೊಡಗಿತು. ಎರಡಂಗುಲದ ಪಿವಿಸಿ ಪೈಪನ್ನು ಹ್ಯಾಂಡಲ್‌ಬಾರಿಗಿಂತ ಮೇಲೆ ತಂದು ನಿಲ್ಲಿಸಿ, ಕ್ಲಾಂಪು ಬಿಗಿದು, ಕಪ್ಪು ಬಣ್ಣ ಹೊಡೆದು ಮುಗಿಸಿದ ಖುಷಿಯಲ್ಲಿದ್ದೆ ನಾನು. ಆ ಸದ್ದು ಏನು ಹೇಳುತ್ತಿದೆ ಎಂದು ಕಿವಿಗೊಡಲಿಲ್ಲ. ಮೂಗು ಮುಚ್ಚಿದ ಮೇಲೂ ಉಸಿರಾಡುತ್ತಿದೆ ಎಂದರೆ ಗಾಳಿ ಬೇರೆಲ್ಲಿಂದಲೋ ಒಳಗೆ ನುಗ್ಗುತ್ತಿದೆ ಎಂದರ್ಥ. ಗಾಳಿ ನುಗ್ಗುವ ಕಡೆ ನೀರೂ ನುಗ್ಗುತ್ತದೆ.

ನಾನಿರುವುದು ಟೆಕ್ಸಾಸಿನ ಬೋಮಾಂಟಿನಲ್ಲಿ. ಊರು ಮೂಡಿಗೆರೆ ಕಡೆಯದು. ಹೊಟ್ಟೆಪಾಡಿಗೆ ಇಲ್ಲಿನ ತೈಲ ಸಂಸ್ಕರಣಾ ಘಟಕವೊಂದರಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಪಕ್ಕದ ನೆಡರ್ಲೆಂಡ್ ಎಂಬ ಊರಿನಲ್ಲಿ 60 ಅಂಗುಲಕ್ಕೂ ಮೀರಿ ಮಳೆ ಬಿತ್ತು. ಬೆಂಗಳೂರಿಗೆ ಒಂದೂವರೆ ವರ್ಷದಲ್ಲಿ ಬೀಳುವ ಮಳೆ ಇಲ್ಲಿ ಕೆಲವೇ ದಿನಗಳಲ್ಲಿ ಸುರಿದಿತ್ತು. ನೆಚಸ್ ನದಿ ಉಕ್ಕಿ ಊರಿಗೆ ನೀರೆತ್ತುವ ಪಂಪುಗಳೇ ಮುಳುಗಿದವು. ಸುತ್ತ ಎಲ್ಲೆಲ್ಲೂ ನೀರು, ನಲ್ಲಿಯಲ್ಲಿ ಮಾತ್ರ ಹನಿ ಇಲ್ಲ. ಆ ವಾರ ಭತ್ತ ಬೆಳೆಯುವ ನಮ್ಮ ನೆರೆಯವರೊಬ್ಬರು ಎಂಥ ನೆಲದಲ್ಲೂ ಓಡುವ ತಮ್ಮ ನಾಲ್ಕು ಗಾಲಿಯ ಎಟಿವಿಯಲ್ಲಿ ಮನೆಮನೆಗೆ ಔಷಧಿ, ಕುಡಿಯುವ ನೀರು ಹೊತ್ತು ತಿರುಗಿದರು. ಅದರ ಮೈಮೇಲೆ ಮೂರು ಕರಿ ಕೊಳವೆಗಳು ಸೆಟೆದು ನಿಂತಿದ್ದವು. ಸೀಟಿನವರೆಗೆ ಬಂದ ನೀರಿನಲ್ಲಿ ಅದು ಮುಗ್ಗರಿಸದೆ ಹೋಗುವುದನ್ನು ನಾನು ಜಗಲಿಯಲ್ಲಿ ನಿಂತು ನೋಡಿದೆ. ಮುಂದಿನ ವಸಂತದಲ್ಲಿ ಒಂದು ಹಳೆಯ ಹೊಂಡಾ ಫೋರ್‌ಟ್ರಾಕ್ಸ್ 300 ಕೊಂಡುಕೊಂಡೆ.

ಮೊದಲ ಪರೀಕ್ಷೆಗೆ ಇಳಿದದ್ದು ಅವರದೇ ಗದ್ದೆಯ ಕಾಲುವೆಗೆ. ನೀರು ತೊಡೆಯ ಮಟ್ಟಕ್ಕಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ಠಪ್ಪೆಂದು ನಿಂತಿತು. ದಡಕ್ಕೆಳೆದು ಸ್ಪಾರ್ಕ್ ಪ್ಲಗ್ ಬಿಚ್ಚಿ ಸ್ಟಾರ್ಟರ್ ಒತ್ತಿದರೆ ಸಿಲಿಂಡರಿನ ನೀರು ಪಿಚಕಾರಿಯಂತೆ ಎದೆಗೆ ಹಾರಿತು. ಎಣ್ಣೆ ಇಳಿಸಿದಾಗ ಬಂದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣ. ಗಾಳಿಯನ್ನು ಎಷ್ಟು ಬೇಕಾದರೂ ಅದುಮಬಹುದು, ನೀರನ್ನು ಅದುಮಲಾಗದು. ಮೇಲೇರುವ ಪಿಸ್ಟನ್ನಿಗೆ ನೀರು ಎದುರಾದರೆ ಬಗ್ಗುವುದು ಕನೆಕ್ಟಿಂಗ್ ರಾಡ್. ನನ್ನದು ನಿಧಾನದಲ್ಲಿದ್ದುದರಿಂದ ರಾಡ್ ಉಳಿಯಿತು. ನೆರೆಯವರು ಬಂದು ಸೀಟೆತ್ತಿ, ಎಂಜಿನ್ನಿಗೆ ಗಾಳಿ ಹೋಗುವ ಏರ್‌ಬಾಕ್ಸಿನ ಮುಚ್ಚಳದ ಅಂಚಿಗೆ ಉಗುರು ಆಡಿಸಿ, ಕೂದಲೆಳೆಯಷ್ಟು ಸೀಳು ತೋರಿಸಿದರು. ಅಂಗೈ ಇಟ್ಟು ನೋಡಿದ್ದೆಯಾ ಎಂದು ಕೇಳಿದರು. ನೋಡಿದ್ದೆ, ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ಸೀಳು ನನ್ನನ್ನು ಈ ಕೊಳವೆಯ ಚರಿತ್ರೆಗೆ ಎಳೆಯಿತು. ಓದುತ್ತ ಹೋದಂತೆ ಕಂಡದ್ದು ಒಂದೇ: ಕೊಳವೆ ನಿಲ್ಲಿಸುವ ಕೆಲಸ ಎಲ್ಲ ಕಾಲದಲ್ಲೂ ಸುಲಭದ್ದೇ ಆಗಿತ್ತು, ಉಳಿದ ತೂತುಗಳನ್ನು ಮುಚ್ಚುವುದರಲ್ಲೇ ಜನ ಸೋತರು, ಕಲಿತರು.

ನೀರಿನಡಿಯ ಜಲಾಂತರ್ಗಾಮಿಯ ಎಂಜಿನ್ನಿಗೆ ಉಸಿರು ಕೊಡುವ ಉಪಾಯವನ್ನು 1916ರಲ್ಲೇ ಸ್ಕಾಟ್ಲೆಂಡಿನ ಗ್ರೀನಕ್ ಹಡಗುಕಟ್ಟೆಯ ಜೇಮ್ಸ್ ರಿಚರ್ಡ್ಸನ್ ರೂಪಿಸಿದ್ದ, ಅದಕ್ಕೆ ಪೇಟೆಂಟೂ ಸಿಕ್ಕಿತ್ತು. ಬ್ರಿಟಿಷ್ ನೌಕಾಪಡೆ ಅದನ್ನು ಬಳಕೆಗೆ ತರಲಿಲ್ಲ. ಕೆಲಸಕ್ಕೆ ಬರುವಂತೆ ಮಾಡಿದವರು ಡಚ್ಚರು. ಯಾನ್ ಯಾಕೋಬ್ ವಿಖರ್ಸ್ ಎಂಬ ನೌಕಾಧಿಕಾರಿ 1930ರ ದಶಕದಲ್ಲಿ ರೂಪಿಸಿದ ಕೊಳವೆ, ತಮ್ಮ ಈಸ್ಟ್ ಇಂಡೀಸ್ ವಸಾಹತಿಗೆಂದು ಕಟ್ಟಿದ ಓ-19 ಜಲಾಂತರ್ಗಾಮಿಯಲ್ಲಿ ಕೂತಿತು. ಅವರು ಅದನ್ನು ಸ್ನಾಯ್ವರ್ ಎಂದು ಕರೆದರು, ಮೂಸುವವನು ಎಂದಂತೆ. 1940ರ ಮೇ ತಿಂಗಳಲ್ಲಿ ಜರ್ಮನರು ನೆದರ್ಲೆಂಡ್ಸನ್ನು ಆಕ್ರಮಿಸಿದಾಗ ಬ್ರಿಟನ್ನಿಗೆ ತಪ್ಪಿಸಿಕೊಂಡು ಬಂದ ಡಚ್ ಜಲಾಂತರ್ಗಾಮಿಗಳಿಂದ ಬ್ರಿಟಿಷರು ಆ ಕೊಳವೆಗಳನ್ನು ಕಿತ್ತೆಸೆದರು. ಹಡಗುಕಟ್ಟೆಯಲ್ಲೇ ಸಿಕ್ಕಿದವುಗಳನ್ನು ವಶಪಡಿಸಿಕೊಂಡ ಜರ್ಮನರಿಗೂ ಮೊದಲು ಅದರ ಬೆಲೆ ಹೊಳೆಯಲಿಲ್ಲ. ಬ್ಯಾಟರಿ ತುಂಬಿಸಲು ಮೇಲೆ ಬಂದ ತಮ್ಮ ಯು-ಬೋಟ್ ಜಲಾಂತರ್ಗಾಮಿಗಳನ್ನು ವಿಮಾನಗಳು ರೇಡಾರಿನಲ್ಲಿ ಹುಡುಕಿ ಹೊಡೆಯತೊಡಗಿದ ಮೇಲೆ, 1943ರಲ್ಲಿ, ಅದರ ನೆನಪಾಯಿತು. ಶ್ನೋರ್ಖೆಲ್ ಎಂಬ ಜರ್ಮನ್ ಹೆಸರೇ ಈಗ ಜಗತ್ತಿನ ಬಾಯಲ್ಲಿ ಉಳಿದಿದೆ.

ನನಗೆ ಬಲವಾಗಿ ತಾಗಿದ್ದು ಆ ಜಲಾಂತರ್ಗಾಮಿಗಳ ಒಳಗಿದ್ದವರ ಪಾಡು. ಅಲೆ ಮೇಲೆ ಹಾದಾಗ ನೀರು ಒಳಬರದಂತೆ ಕೊಳವೆಯ ತುದಿಯ ಕವಾಟ ಮುಚ್ಚಿಕೊಳ್ಳುತ್ತಿತ್ತು. ಡೀಸೆಲ್ ಎಂಜಿನ್ ಮಾತ್ರ ಎಳೆಯುವುದನ್ನು ನಿಲ್ಲಿಸುತ್ತಿರಲಿಲ್ಲ. ಹೊರಗಿನ ಗಾಳಿ ಸಿಗದಿದ್ದರೆ ಹಡಗಿನ ಒಳಗಿನದನ್ನೇ, ಮನುಷ್ಯರು ಉಸಿರಾಡುವುದನ್ನೇ, ಎಳೆದುಕೊಳ್ಳುತ್ತಿತ್ತು. ಒತ್ತಡ ಕುಸಿದು ಸಿಬ್ಬಂದಿಯ ಕಿವಿಗಳು ಸಿಡಿಯುವಷ್ಟು ನೋಯುತ್ತಿದ್ದವು. ಗಾಳಿಗೆ ಬಾಯ್ಬಿಟ್ಟ ಎಂಜಿನ್ ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ಎಳೆಯುತ್ತದೆ. ನನ್ನ ಹೊಂಡಾದ ಮುಚ್ಚಳದ ಸೀಳಿನಲ್ಲಿ ನಡೆದದ್ದೂ ಇದೇ.

ನೆಲದ ವಾಹನಗಳಿಗೆ ಈ ವಿದ್ಯೆ ಹಬ್ಬಿದ್ದೂ ಅದೇ ಯುದ್ಧದಲ್ಲಿ. 1944ರ ಜೂನ್ 6ರಂದು ನಾರ್ಮಂಡಿಯ ದಡಕ್ಕೆ ಇಳಿದ ಶರ್ಮನ್ ಟ್ಯಾಂಕುಗಳ ಬೆನ್ನಿಗೆ ತಗಡಿನ ಎತ್ತರದ ಗೂಡುಗಳಿದ್ದವು, ಒಂದು ಗಾಳಿಗೆ, ಒಂದು ಹೊಗೆಗೆ. ಜೀಪು, ಲಾರಿಗಳ ವಿದ್ಯುತ್ ಭಾಗಗಳಿಗೆಲ್ಲ ಗ್ರೀಸಿನಂಥ ದಪ್ಪ ಲೇಪ ಮೆತ್ತಿದ್ದರು. ದಡ ಸೇರಿದ ಕೂಡಲೇ ಅದನ್ನೆಲ್ಲ ಕಿತ್ತು ತೆಗೆಯಬೇಕಿತ್ತು. ಯುದ್ಧ ಮುಗಿದು, 1950ರ ಹೊತ್ತಿಗೆ ಬಂದ ಎಂ38 ಸೇನಾ ಜೀಪಿನಲ್ಲಿ 24 ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನೇ ನೀರು ಹೋಗದಂತೆ ಕಟ್ಟಿದರು. ಆಳದ ನೀರು ದಾಟಬೇಕೆಂದರೆ ಕೊಳವೆಯ ಕಿಟ್ ಜೋಡಿಸಿದರಾಯಿತು. ಕೊಳವೆಗೆ ಮೊದಲು ಮುಚ್ಚುವ ಕೆಲಸ ಎಂಬುದನ್ನು ಸೈನ್ಯ ಅಷ್ಟರಲ್ಲಿ ಅರಿತಿತ್ತು.

ನಮ್ಮಪ್ಪನಿಗೆ ಕಿಟ್ ಇರಲಿಲ್ಲ. ಅವರು ಕಾಫಿ ತೋಟದ ಪೆಟ್ರೋಲ್ ಜೀಪಿನ ಡ್ರೈವರ್. ಹೇಮಾವತಿ ಸೇರುವ ಹಳ್ಳವೊಂದು ಆಷಾಢದಲ್ಲಿ ತೋಟದ ದಾರಿಗೆ ಅಡ್ಡ ಬಿದ್ದಿರುತ್ತಿತ್ತು. ಹಳ್ಳದ ದಂಡೆಯಲ್ಲಿ ಜೀಪು ನಿಲ್ಲಿಸಿ, ಬಾನೆಟ್ ಎತ್ತಿ, ಫ್ಯಾನ್ ಬೆಲ್ಟ್ ಕಳಚಿ ಬದಿಗಿಡುತ್ತಿದ್ದರು. ಫ್ಯಾನ್ ತಿರುಗಿದರೆ ನೀರನ್ನು ಎಂಜಿನ್ನಿನ ಮೈಗೆಲ್ಲ ಎರಚುತ್ತದೆ. ಡಿಸ್ಟ್ರಿಬ್ಯೂಟರಿಗೆ ಸೈಕಲ್ ಟ್ಯೂಬು ಸುತ್ತಿ, ಅಂಚಿಗೆ ಗ್ರೀಸು ಮೆತ್ತಿ, ಮುಂದಿನ ಜಾಲರಿಗೆ ಗೋಣಿತಾಟು ಕಟ್ಟುತ್ತಿದ್ದರು. ಆಮೇಲೆ ಒಂದನೇ ಗೇರು, ಒಂದೇ ವೇಗ. "ನೀರಲ್ಲಿ ಕಾಲು ತೆಗೀಬಾರ್ದು" ಎನ್ನುತ್ತಿದ್ದರು. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಬಾಯಿಂದ ನೀರು ಹಿಂದಕ್ಕೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಕಾಲು ಮೇಲೆತ್ತಿ ಕೂತ ನನಗೆ ಟ್ಯೂಬು ಸುತ್ತುವ ಅವರ ಬೆರಳುಗಳಷ್ಟೇ ಕಾಣುತ್ತಿದ್ದವು, ಒಂದರ ಮೇಲೊಂದು ಅರ್ಧ ಸುತ್ತು ಏರುವಂತೆ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ.

ಎಟಿವಿಗಳ ಕಥೆ ನೀರಿನಿಂದ ದೂರದಲ್ಲಿ ಶುರುವಾಯಿತು. ಚಳಿಗಾಲದಲ್ಲಿ ಬೈಕು ಮಾರಾಟ ಬೀಳುತ್ತದೆ, ಆಗ ಮಾರಲು ಏನಾದರೂ ಕೊಡಿ ಎಂದು ಅಮೆರಿಕದ ವ್ಯಾಪಾರಿಗಳು ಹೊಂಡಾವನ್ನು ಕೇಳಿದರು. ಒಸಾಮು ತಾಕೆಉಚಿ ಎಂಬ ಎಂಜಿನಿಯರ್ 1970ರಲ್ಲಿ ಕೊಟ್ಟದ್ದು ಬಲೂನಿನಂಥ ಟೈರುಗಳ, ಮೂರು ಗಾಲಿಯ, 89 ಸಿಸಿಯ ಗಾಡಿ. ಹಿಮಕ್ಕೆ, ಮರಳಿಗೆ ಅದು ಒಗ್ಗಿತು. ಮೂರು ಗಾಲಿಯವು ಮಗುಚಿ ಜನರ ಜೀವ ತೆಗೆಯುತ್ತಿವೆ ಎಂದಾಗಿ 1988ರ ಒಪ್ಪಂದದಂತೆ ಅಮೆರಿಕದಲ್ಲಿ ಹೊಸದಾಗಿ ಮಾರುವುದು ನಿಂತಿತು. ಸುಜುಕಿ 1983ರ ಮಾದರಿಯಾಗಿ ತಂದ ನಾಲ್ಕು ಗಾಲಿಯ ಕ್ವಾಡ್‌ರನ್ನರ್ ಅಷ್ಟರಲ್ಲಿ ಹೊಸ ದಾರಿ ಹಾಕಿತ್ತು. ನಾಲ್ಕೂ ಗಾಲಿ ಎಳೆಯುವ ನನ್ನ ಜಾತಿಯ ಹೊಂಡಾ ಬಂದದ್ದೂ 1988ರಲ್ಲಿ.

ಇಲ್ಲಿನ ರೈತ ಅದನ್ನು ಭತ್ತದ ಬದುಗಳ ಮೇಲೆ ಓಡಿಸಿದ, ಬೇಟೆಗಾರ ಜೌಗಿಗೆ ಇಳಿಸಿದ. ಲೂಯಿಸಿಯಾನ, ಮಿಸಿಸಿಪಿ, ಪೂರ್ವ ಟೆಕ್ಸಾಸಿನ ನೆಲವೇ ಅಂಥದು, ಹೆಜ್ಜೆ ಇಟ್ಟರೆ ಕೆಸರು. ಕೆಲಸಕ್ಕೆ ಇಳಿದವರು ಭಾನುವಾರ ಮೋಜಿಗೂ ಇಳಿದರು. ಶ್ರೀವ್‌ಪೋರ್ಟಿನ ಹೈ ಲಿಫ್ಟರ್ ಕಂಪನಿ ಕೆಸರಿನ ಟೈರುಗಳಂಥ ಸಾಮಾನು ಮಾಡಿ ಹೆಸರಾಯಿತು. ಟೆಕ್ಸಾಸಿನ ಜ್ಯಾಕ್ಸನ್‌ವಿಲ್ಲಿನಲ್ಲಿ ಮಡ್ ನ್ಯಾಷನಲ್ಸ್ ಎಂಬ ಜಾತ್ರೆಯೇ ನಡೆಯಿತು. ಕೊಳವೆಗಳು ಮಾತ್ರ ಮನೆಯ ಶೆಡ್ಡುಗಳಲ್ಲಿ ಹುಟ್ಟಿದವು, ನಲ್ಲಿ ರಿಪೇರಿಯ ಸಾಮಾನಿನಿಂದ: ಪಿವಿಸಿ ಪೈಪು, ಮೊಣಕೈ, ಒಳಚರಂಡಿಗೆ ಬಳಸುವ ರಬ್ಬರ್ ಕಪ್ಲಿಂಗು. ಈಗ ಕ್ಯಾನ್-ಆಮ್‌ನಂಥ ಕಂಪನಿ ಕಾರ್ಖಾನೆಯಲ್ಲೇ ಗಾಳಿಯ ದಾರಿಯನ್ನು ಮೇಲಕ್ಕೆ ತಂದು ಮಾರುತ್ತದೆ. ಆ ದಾರಿ ತೋರಿಸಿದ್ದು ಶೆಡ್ಡಿನ ಮಂದಿ, ಮತ್ತು ಆ ಗೌರವ ಅವರಿಗೇ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ನನ್ನ ಹೊಂಡಾವನ್ನು ನೆರೆಯವರ ಜೊತೆ ಮತ್ತೆ ಸರಿಪಡಿಸಲು ಕೂತಾಗ ಅವರ ಗಾಡಿಗೆ ಮೂರು ಕೊಳವೆ ಯಾಕೆ ಎಂಬುದು ತಿಳಿಯಿತು. ಅವರದು ಬೆಲ್ಟಿನ ಗಾಡಿ. ಬೆಲ್ಟ್ ಕೂತ ಗೂಡಿಗೆ ತಣಿಯಲು ಗಾಳಿ ಹೋಗಬೇಕು, ಬರಬೇಕು. ಬೆಲ್ಟ್ ಒದ್ದೆಯಾದರೆ ಜಾರುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಕದಲದು. ನನ್ನದು ಗೇರಿನ ಗಾಡಿ, ಒಂದೇ ಕೊಳವೆ ಸಾಕು. ಆದರೆ ಸಣ್ಣ ಉಸಿರುಗಳು ಹಲವು. ಕಾರ್ಬುರೇಟರ್ ಬಟ್ಟಲಿನ ಗಾಳಿನಳಿಕೆ ನೀರಲ್ಲಿ ಮುಳುಗಿದರೆ ಪೆಟ್ರೋಲ್ ಸರಿಯಾಗಿ ಇಳಿಯದೆ ಎಂಜಿನ್ ಸಾಯುತ್ತದೆ. ಡಿಫರೆನ್ಷಿಯಲ್ ಓಡಿ ಬಿಸಿಯಾಗಿ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲುಗಳ ಸಂದಿನಿಂದ ನೀರನ್ನು ಹೀರುತ್ತದೆ. ಒಂದೊಂದಕ್ಕೂ ಬಳಪದಷ್ಟು ದಪ್ಪದ ನಳಿಕೆ ಕಟ್ಟಿ ಹ್ಯಾಂಡಲಿನವರೆಗೆ ತಂದೆವು.

ಏರ್‌ಬಾಕ್ಸಿನ ಮುಚ್ಚಳಕ್ಕೆ ಸಿಲಿಕೋನ್ ಮೆತ್ತಿ ಒಂದು ರಾತ್ರಿ ಒಣಗಲು ಬಿಟ್ಟೆವು. ಕಪ್ಲಿಂಗಿನ ಸಂದಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ನಾನೇ ಸುತ್ತಿದೆ, ಅರ್ಧ ಸುತ್ತು ಏರುವಂತೆ. ನೆರೆಯವರು ಅದನ್ನು ಒತ್ತಿ ನೋಡಿ, ಎಲ್ಲಿ ಕಲಿತೆ ಎಂದರು. ಅಪ್ಪನಿಂದ ಎಂದೆ. ಬೆಳಿಗ್ಗೆ ಎಂಜಿನ್ ಹಚ್ಚಿ ಕೊಳವೆಗೆ ಅಂಗೈ ಇಟ್ಟೆ. ಚರ್ಮವನ್ನು ಒಳಕ್ಕೆಳೆದುಕೊಂಡು, ಎರಡು ಬಾರಿ ತಡವರಿಸಿ, ಎಂಜಿನ್ ನಿಂತುಹೋಯಿತು. ಕೈ ತೆಗೆದಾಗ ಅಂಗೈ ಮೇಲೆ ಕೊಳವೆಯ ಕೆಂಪು ವೃತ್ತ ಮೂಡಿತ್ತು.

ಕಾಲುವೆ ದಾಟಿ ಬಂದ ಮೇಲೆ ಅವರು ಎಣ್ಣೆಯ ಅಳತೆಕಡ್ಡಿ ಎಳೆದು ಬೆರಳಿಗೆ ಒರೆಸಿ ಬೆಳಕಿಗೆ ಹಿಡಿದರು. ಎಣ್ಣೆ ಜೇನಿನ ಬಣ್ಣಕ್ಕಿತ್ತು.