ಓಟಿನ ರೂಢಿ ತಪ್ಪಿಸಿದವರು ಯಾರು?

ಚುನಾವಣೆ ಹತ್ತಿರವಾದಾಗಲೆಲ್ಲ ‘ಈ ಸಲ ಹುಡುಗರು ಮತಗಟ್ಟೆಗೆ ಬಂದಾರೆಯೇ?’ ಎಂಬ ಮಾತು ಏಳುತ್ತದೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹಿಂದಿನದನ್ನು ನೋಡಿದವರು ಬೇರೆಯೇ ಕೇಳಬೇಕು: ಚುನಾವಣೆ ಹುಡುಗರ ಬಳಿಗೆ ಬಂತೇ? ಈ ಸೀಮೆಯಲ್ಲಿ ಓಟು ಹಾಕುವುದು ಭಾಷಣ ಕೇಳಿ ಹುಟ್ಟಿದ ಹುಮ್ಮಸ್ಸಲ್ಲ, ಮನೆಯ ರೂಢಿ. ಸಹಕಾರಿ ಸಕ್ಕರೆ ಕಾರ್ಖಾನೆ, ಹಾಲಿನ ಸಂಘ, ಸೊಸೈಟಿ, ಗ್ರಾಮಪಂಚಾಯತಿ ಹೀಗೆ ಒಂದರ ಚುನಾವಣೆ ಮುಗಿಯುವಷ್ಟರಲ್ಲಿ ಇನ್ನೊಂದರದು. ಗಡಹಿಂಗ್ಲಜ ಕಡೆ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಮರಾಠಿ. ಒಟ್ಟಾಗಿ ಚುನಾವಣೆಗೆ ನಿಲ್ಲುವ ಉಮೇದುವಾರರ ಗುಂಪು, ‘ಪ್ಯಾನೆಲ್’, ಮಾತ್ರ ಎರಡರಲ್ಲೂ ಪ್ಯಾನೆಲ್ಲೇ. ಅಪ್ಪನ ಹೆಸರಿಗೆ ಎಷ್ಟು ಶೇರಿದ್ದರೂ ಓಟು ಒಂದೇ, ಕಬ್ಬಿನ ಬಿಲ್ಲು ತಡವಾದರೆ ಆ ಸಿಟ್ಟು ಯಾರ ಮೇಲೆ ತೀರಬೇಕು ಎಂಬ ಲೆಕ್ಕ ಊಟಕ್ಕೆ ಕೂತ ಮಕ್ಕಳ ಕಿವಿಗೂ ಬಿದ್ದಿರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ. 61ರ ಆಸುಪಾಸಿನಲ್ಲಿ ನಿಂತರೆ, ಕೊಲ್ಹಾಪುರ ಮತ್ತು ಇಚಲಕರಂಜಿ ಸೇರಿದ ಹಾತಕಣಂಗಲೆ ಎರಡೂ ಶೇ. 71 ದಾಟಿದ್ದು ಸುಮ್ಮನೆ ಅಲ್ಲ.

ಈ ರೂಢಿಗೆ ಕತ್ತರಿ ಬಿದ್ದದ್ದು ಮೇಲಿನಿಂದ. 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಐದೇ ವರ್ಷದಲ್ಲಿ, 1994ರ ವಿಶ್ವವಿದ್ಯಾಲಯ ಕಾಯಿದೆ ಮಹಾರಾಷ್ಟ್ರದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ನೇರ ಚುನಾವಣೆಯನ್ನೇ ತೆಗೆದು, ಅಂಕ ನೋಡಿ ಪ್ರತಿನಿಧಿಗಳನ್ನು ಆರಿಸುವ ಪದ್ಧತಿ ತಂದಿತು. ಕಾಲೇಜು ಚುನಾವಣೆ ಹೊಡೆದಾಟ, ಕೊಲೆಗಳವರೆಗೆ ಹೋಗಿತ್ತಲ್ಲ ಎಂದರೆ, ಹೌದು, ಹೋಗಿತ್ತು. ಆದರೆ ಹೊಡೆದಾಟ ಕಂಡ ಎಷ್ಟು ಪಂಚಾಯತಿಗಳ ಚುನಾವಣೆ ರದ್ದಾಗಿದೆ? ಶಹರದ ಕತೆ ಇನ್ನೂ ಸೋಜಿಗದ್ದು. ಕೊಲ್ಹಾಪುರ ಮಹಾನಗರಪಾಲಿಕೆಯ ಅವಧಿ 2020ರ ನವೆಂಬರಿನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. 2020ರಲ್ಲಿ 18 ತುಂಬಿದವನಿಗೆ ತನ್ನ ಗಲ್ಲಿಯ ಗಟಾರಕ್ಕಾಗಿ ಓಟು ಹಾಕಲು 23 ಆಗಬೇಕಾಯಿತು.

ಒಟ್ಟು ಮತದಾನವೇ ಯುವಕರ ಮತದಾನವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. 2024ರಲ್ಲಿ ದೇಶದ 18–19ರ ವಯಸ್ಸಿನವರಲ್ಲಿ ಪಟ್ಟಿಗೆ ಸೇರಿದ್ದವರು ಸುಮಾರು 1.8 ಕೋಟಿ, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಆದರೆ ಪಟ್ಟಿಯಲ್ಲಿ ಇಲ್ಲದಿರುವುದು ಬೇರೆ, ಇದ್ದೂ ಬಾರದಿರುವುದು ಬೇರೆ. ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೆ ದುಡಿಯಲು ಬಂದ ಹುಡುಗನ ಹೆಸರು ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಮತದಾನದ ದಿನ ಸಂಬಳದ ರಜೆ ಕೊಡಬೇಕೆಂದು ಕಾನೂನಿದ್ದರೂ, ಮೀಟರ್ ಲೆಕ್ಕದಲ್ಲಿ ಕೂಲಿ ಎಣಿಸುವವನಿಗೆ ಮಗ್ಗ ನಿಂತರೆ ಅಂದಿನ ಗಳಿಕೆಯೂ ನಿಂತಂತೆ. ಅವನನ್ನು ಉದಾಸೀನ ಎನ್ನುವುದು ಅನ್ಯಾಯ. ಈಗ 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಹೆಸರು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಮನೆಯಲ್ಲಿ ಅಂಥವರಿದ್ದರೆ ನಮೂನೆ 6 ತುಂಬಿಸಿ.